ಪದ ಪರಿಚಯ: ಹೊಂಬಾಳೆ

ಅರಸೀಕೆರೆ ಸೀಮೆಯ ತೆಂಗಿನ ತೋಟದಲ್ಲಿ ‘ಈ ಸಲ ಹೊಂಬಾಳೆ ಹೇಗಿದೆ?’ ಎಂದು ಕೇಳಿದರೆ ಮುಂದಿನ ವರ್ಷದ ಕೊಬ್ಬರಿಯ ಲೆಕ್ಕ ಕೇಳಿದಂತೆ. ಜೀವಶಾಸ್ತ್ರದ ಪುಸ್ತಕದಲ್ಲಿ ಈ ಹೂಗೊಂಚಲು ಪುಷ್ಪಮಂಜರಿ.

ಪದವನ್ನು ಬಿಡಿಸಿದರೆ ‘ಹೊನ್’ ಮತ್ತು ‘ಪಾಳೆ’. ಪಾಳೆ ಎಂದರೆ ಹೂವನ್ನು ಮುಚ್ಚಿಕೊಂಡ ಕವಚ. ಅಡಿಕೆ ಹಾಳೆಯ ‘ಹಾಳೆ’ಯೂ ಅದೇ ಪದ. ಹಳಗನ್ನಡದ ಪಕಾರ ಹಕಾರಕ್ಕೆ ತಿರುಗಿದಾಗ ಪಾಳೆ ಹಾಳೆಯಾಯಿತು, ಪೊನ್ನು ಹೊನ್ನಾಯಿತು. ಸಮಾಸದ ನಡುವಿನ ಪ ಮಾತ್ರ ಆದೇಶ ಸಂಧಿಯಲ್ಲಿ ಬ ಆಗಿ ಉಳಿದುಕೊಂಡಿತು. ಬೇಲೂರು, ಹಳೇಬೀಡನ್ನು ಆಳಿದವರ ಹೆಸರಿನಲ್ಲೂ ಪಕಾರ ಹೀಗೆಯೇ ಹಕಾರವಾಗಿದೆ: ಹಳೆಯ ಶಾಸನಗಳ ಪೊಯ್ಸಳರೇ ನಮ್ಮ ಹೊಯ್ಸಳರು.

ಕವಚ ಬಿರಿದ ಹೊಂಬಾಳೆಯನ್ನು ಹತ್ತಿರದಿಂದ ನೋಡಿ. ಪ್ರತಿ ಕಡ್ಡಿಯ ಬುಡದಲ್ಲಿ ಗೋಲಿಯಂಥ ಹೆಣ್ಣು ಹೂ ಒಂದೋ ಎರಡೋ. ಅಲ್ಲಿಂದ ತುದಿಯವರೆಗೂ ಸಣ್ಣ ಗಂಡು ಹೂಗಳು ಒತ್ತೊತ್ತಾಗಿರುತ್ತವೆ. ಎತ್ತರದ ತಳಿಗಳಲ್ಲಿ ಸಾಮಾನ್ಯವಾಗಿ ಗಂಡು ಹೂಗಳು ಅರಳಿ ಉದುರಿದ ಮೇಲೆಯೇ ಹೆಣ್ಣು ಹೂ ಸಿದ್ಧವಾಗುವುದು. ಆದ್ದರಿಂದ ಪರಾಗ ಬೇರೆ ಮರದಿಂದ ಬರಬೇಕು. ಗಾಳಿ, ಜೇನ್ನೊಣಗಳು ತರುತ್ತವೆ. ಕಾಯಿ ಬಲಿಯಲು ಮತ್ತೆ 11–12 ತಿಂಗಳು.

ಹೆಸರು ಹುಟ್ಟಿದ್ದು ಕವಚದಿಂದ, ಈಗ ಜನ ಕರೆಯುವುದು ಹೂಗೊಂಚಲನ್ನು. ಪುಷ್ಪಮಂಜರಿ ತುಳಸಿಗೂ ಮಾವಿಗೂ ಸಲ್ಲುವ ಸಾಮಾನ್ಯ ಪದ. ಹೊಂಬಾಳೆ ತೆಂಗು, ಅಡಿಕೆಯಂಥ ಮರಗಳದ್ದು. ಮೇಷ್ಟರುಗಳು ತರಗತಿಯಲ್ಲಿ ಎರಡನ್ನೂ ಜೊತೆಗೇ ಹೇಳಿಕೊಡಲಿ.