ತ್ರುಟಿತವೋ, ತಪ್ಪೋ? ಕಲ್ಲಿನ ಅಕ್ಷರ ಮತ್ತು ಕಡತದ ಅಕ್ಷರ

ಶಾಸನ ಪಾಠ ಸಿದ್ಧಪಡಿಸುವವರು ಮೊದಲು ಕಲಿಯೋದೇ ಈ ವ್ಯತ್ಯಾಸ. ಕಲ್ಲು ಚಕ್ಕೆ ಎದ್ದು ಅಕ್ಷರ ಹೋಗಿದ್ದರೆ ಅಲ್ಲಿ ಚುಕ್ಕಿಗಳನ್ನಿಟ್ಟು ತ್ರುಟಿತ ಅಂತ ತೋರಿಸುತ್ತೇವೆ. ಅಕ್ಷರ ಸ್ಪಷ್ಟವಾಗಿದ್ದು ಕಂಡರಿಸಿದವನೇ ತಪ್ಪಿದ್ದರೆ, ಇದ್ದದ್ದನ್ನು ಇದ್ದ ಹಾಗೇ ಬರೆದು ಸರಿಯಾದ ರೂಪವನ್ನು ಪಕ್ಕದ ಕಂಸದಲ್ಲಿ ಕೊಡುತ್ತೇವೆ. ಓದು ಅನುಮಾನವಾದರೆ ಪ್ರಶ್ನಾರ್ಥಕ ಚಿಹ್ನೆ. ಈ ಮೂರನ್ನೂ ಕಲಸಿಬಿಟ್ಟರೆ ಮುಂದಿನವರಿಗೆ ಶಾಸನ ಸಿಗೋದಿಲ್ಲ, ನಮ್ಮ ಊಹೆ ಸಿಗುತ್ತೆ ಅಷ್ಟೆ.

ಕಂಪ್ಯೂಟರಿನ ಒಳಗೂ ಇದೇ ಪ್ರಶ್ನೆ ಎದ್ದಿತ್ತು. ಶಾಸನ ಪಾಠಗಳನ್ನು ಇಂದು ಕಡತಗಳಲ್ಲಿ ಕಾಪಿಡುತ್ತಿರುವ ನಾವು ಆ ಚರಿತ್ರೆಯನ್ನೂ ಸ್ವಲ್ಪ ತಿಳಿದಿರಬೇಕು.

ಯುಟಿಎಫ್-8 ಕಡತದಲ್ಲಿ ‘ಕ’ ಒಂದೇ ತುಂಡಾಗಿ ಇರೋದಿಲ್ಲ. 224, 178, 149 ಎಂಬ ಮೂರು ಬೈಟ್‌ಗಳಾಗಿ ಇರುತ್ತದೆ. ಇದು ಮಲ್ಟಿಬೈಟ್ ರೂಪ. ಇದನ್ನು ಒಂದು ಅಕ್ಷರವಾಗಿ ನೋಡಬೇಕಾದರೆ ಪ್ರೋಗ್ರಾಮ್ ಆ ತುಂಡುಗಳನ್ನು ಜೋಡಿಸಬೇಕು. ಮೊದಲ ಬೈಟ್ ‘ಒಟ್ಟು ಮೂರು ಇವೆ’ ಎನ್ನುತ್ತದೆ. ಉಳಿದೆರಡರಿಂದ 128 ಕಳೆದರೆ 50 ಮತ್ತು 21. ಐವತ್ತನ್ನು 64ರಿಂದ ಗುಣಿಸಿ 21 ಕೂಡಿಸಿ: 3221. ಯೂನಿಕೋಡ್‌ನಲ್ಲಿ ‘ಕ’ದ ಸಂಖ್ಯೆ ಇದೇ. ಹೀಗೆ ಒಂದೇ ಸಂಖ್ಯೆಯಾಗಿ ನಿಂತ ಅಕ್ಷರಕ್ಕೆ ವೈಡ್ ಕ್ಯಾರೆಕ್ಟರ್ ಅನ್ನುತ್ತಾರೆ.

ಸಿ ಭಾಷೆಯ 1989ರ ಪ್ರಮಾಣದಲ್ಲೇ ಈ ಕೆಲಸಕ್ಕೆ ಎಂಬಿಟೊಡಬ್ಲ್ಯೂಸಿ ಎಂಬ ಫಂಕ್ಷನ್ ಇತ್ತು. ಆಗಿನ್ನೂ ಯುಟಿಎಫ್-8 ಹುಟ್ಟಿರಲಿಲ್ಲ. ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದನ್ನು ರೂಪಿಸಿದ್ದು 1992ರ ಸೆಪ್ಟೆಂಬರ್‌ನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನಲ್ಲಿ. ಜಪಾನಿಯಂಥ ಭಾಷೆಗಳಿಗೆ ಬೇರೆ ಮಲ್ಟಿಬೈಟ್ ಪದ್ಧತಿಗಳು ಆಗಲೇ ಬಳಕೆಯಲ್ಲಿದ್ದವು. ಆದರೆ ಈ ಫಂಕ್ಷನ್‌ಗೆ ಒಂದು ಕೊರತೆ. ಬೈಟ್‌ಗಳು ತಪ್ಪಾಗಿದ್ದರೂ ಮೈನಸ್ 1, ಅಕ್ಷರ ಅರ್ಧ ಮಾತ್ರ ಕೈಗೆ ಬಂದಿದ್ದರೂ ಮೈನಸ್ 1. ತ್ರುಟಿತಕ್ಕೂ ತಪ್ಪಿಗೂ ಒಂದೇ ಉತ್ತರ!

ಇದರಿಂದೇನು ತೊಂದರೆ ಅಂತೀರಾ? ಪ್ರೋಗ್ರಾಮ್‌ಗಳು ಕಡತವನ್ನು ತುಂಡು ತುಂಡಾಗಿ ಓದುತ್ತವೆ, ಒಂದು ಸಲಕ್ಕೆ 4096 ಬೈಟ್ ಅಂತಿಟ್ಟುಕೊಳ್ಳಿ. ನಡುವೆ ಖಾಲಿ ಜಾಗವಿಲ್ಲದ ಕನ್ನಡ ಪಾಠವಾದರೆ ಅದರಲ್ಲಿ ಮೂರು ಬೈಟ್‌ನ 1365 ಸಂಕೇತಗಳು ಹಿಡಿದು ಒಂದು ಬೈಟ್ ಉಳಿಯುತ್ತದೆ. ಮುಂದಿನ ಸಂಕೇತದ ತಲೆ ಈ ಕಡೆ, ಉಳಿದೆರಡು ಬೈಟ್ ಆ ಕಡೆ. ಕಡತದಲ್ಲಿ ಅಕ್ಷರ ಸರಿಯಾಗಿಯೇ ಇದೆ. ‘ತಪ್ಪು’ ಎಂಬ ಉತ್ತರ ನಂಬಿ ಪ್ರೋಗ್ರಾಮ್ ಅದನ್ನು ಬಿಸಾಡಿದರೆ ಅಕ್ಷರ ಹೋಯಿತು.

1995ರ ತಿದ್ದುಪಡಿಯಲ್ಲಿ ಎಂಬಿಆರ್‌ಟೊಡಬ್ಲ್ಯೂಸಿ ಬಂತು. ಇದು ತಪ್ಪಿಗೆ ಮೈನಸ್ 1 ಅನ್ನುತ್ತೆ. ಅಪೂರ್ಣವಾದರೆ ಮೈನಸ್ 2. ಓದಿದ ಅರ್ಧವನ್ನು ನೆನಪಿಟ್ಟುಕೊಂಡು ಮುಂದಿನ ತುಂಡು ಬರುವವರೆಗೆ ಕಾಯುತ್ತದೆ.

ಇನ್ನು ವೈಡ್ ಅಂದರೆ ಎಷ್ಟು ಅಗಲ? 1991ರ ಯೂನಿಕೋಡ್ 16 ಬಿಟ್, ಅಂದರೆ 65,536 ಸ್ಥಾನ ಸಾಕು ಎಂದುಕೊಂಡಿತ್ತು. ವಿಂಡೋಸ್ ಆ ಅಳತೆಯನ್ನೇ ಹಿಡಿಯಿತು. ಅಷ್ಟು ಸಾಲದೆ 1996ರಲ್ಲಿ ಮಿತಿ ಹಿಗ್ಗಿತು. 2010ರಲ್ಲಿ ಸೇರಿದ ಬ್ರಾಹ್ಮಿ ಲಿಪಿಗೆ ಆ ಹಳೆಯ ಮಿತಿಯ ಆಚೆಗೇ ಜಾಗ ಸಿಕ್ಕಿದ್ದು: ಬ್ರಾಹ್ಮಿ ‘ಕ’ದ ಸಂಖ್ಯೆ 69,651. ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬ್ರಾಹ್ಮಿಯಲ್ಲೇ ಬೆರಳಚ್ಚು ಮಾಡಿದರೆ ಅಂಥ ಅಕ್ಷರಕ್ಕೆ ಕಡತದಲ್ಲಿ ನಾಲ್ಕು ಬೈಟ್. ಲಿನಕ್ಸ್‌ನಲ್ಲಿ ಒಂದೇ ವೈಡ್ ಕ್ಯಾರೆಕ್ಟರ್ ಸಾಕು, ವಿಂಡೋಸ್‌ನಲ್ಲಿ ಎರಡು ಬೇಕು. ಆ ಜೋಡಿಯನ್ನು ನಡುವೆ ಕತ್ತರಿಸಿದರೆ ಎರಡು ಹೋಳೂ ಅಕ್ಷರವಲ್ಲ.

ನಮ್ಮ ಹಳಗನ್ನಡದ ‘ೞ’ದ ಕಥೆಯೂ ಇಲ್ಲಿದೆ. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 3294, ಹೆಸರು ಮಾತ್ರ ತಪ್ಪಾಗಿ ‘ಎಫ್‌ಎ’ ಎಂದು ದಾಖಲಾಗಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ ಎಂಬುದು ಅಲ್ಲಿನ ನಿಯಮ. ಹಾಗಾಗಿ ತಪ್ಪನ್ನು ಇದ್ದ ಹಾಗೇ ಬಿಟ್ಟು ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ನಾವು ಕಂಸದಲ್ಲಿ ತಿದ್ದುವ ಹಾಗೆಯೇ ಅಲ್ವಾ?

ಕೊನೆಗೆ ಒಂದು ಎಚ್ಚರಿಕೆ. ಯುಟಿಎಫ್-8 ಪಾಠವನ್ನು ಕನ್ನಡವೇ ಇಲ್ಲದ ಹಳೆಯ ಸಂಕೇತ ಪದ್ಧತಿಗೆ ಉಳಿಸಿದರೆ ಎಷ್ಟೋ ಪ್ರೋಗ್ರಾಮ್‌ಗಳು ಅಕ್ಷರದ ಜಾಗದಲ್ಲಿ ಸುಮ್ಮನೆ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತವೆ. ನಾವು ಅನುಮಾನದ ಓದಿಗೆ ಬಳಸುವುದೂ ಅದನ್ನೇ! ಆಮೇಲೆ ನೋಡಿದವರಿಗೆ ಅದು ಸಂಪಾದಕರ ಅನುಮಾನವೋ ಯಂತ್ರದ ಎಡವಟ್ಟೋ ಗೊತ್ತಾಗುವುದು ಹೇಗೆ? ಆದ್ದರಿಂದ ಕಡತವನ್ನು ಯುಟಿಎಫ್-8ನಲ್ಲೇ ಉಳಿಸಿ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದಾಗಲೆಲ್ಲ ‘ೞ’, ‘ಱ’ ಇರುವ ಸಾಲುಗಳನ್ನು ಪಡಿಯಚ್ಚಿನ ಜೊತೆ ಒಮ್ಮೆ ಹೋಲಿಸಿ. ಮಳೆ ಗಾಳಿ ತಿಂದ ಅಕ್ಷರಕ್ಕೆ ಚುಕ್ಕಿ ಇಡುವುದು ಅನಿವಾರ್ಯ. ಕಲ್ಲಿನಲ್ಲಿ ಗಟ್ಟಿಯಾಗಿ ಉಳಿದ ಅಕ್ಷರವನ್ನು ನಾವು ಕಡತದಲ್ಲಿ ಕಳೆಯಬಾರದು.