ವಿಕಿರಣಮಾಪಕಗಳ ಒರೆಗಲ್ಲು

ವಿಕಿರಣವನ್ನು ಅಳೆಯುವ ಉಪಕರಣವು ತೋರಿಸುವ ಅಂಕವು ಸರಿಯೆ ತಪ್ಪೆ ಎಂಬುದನ್ನು ನಿಶ್ಚಯಿಸಬೇಕಾದರೆ, ಪ್ರಮಾಣವು ಮೊದಲೇ ತಿಳಿದಿರುವ ಕಿರಣದ ಮುಂದೆ ಅದನ್ನು ಇಟ್ಟು ನೋಡಬೇಕು. ಚಿನ್ನಕ್ಕೆ ಒರೆಗಲ್ಲು ಹೇಗೋ ಮಾಪಕಕ್ಕೆ ಆ ಕಿರಣವು ಹಾಗೆ. ಬಹುಕಾಲದಿಂದ ಈ ಒರೆಗಲ್ಲಿನ ಸ್ಥಾನದಲ್ಲಿ ಸೀಸಿಯಂ-137, ಕೋಬಾಲ್ಟ್-60 ಎಂಬ ವಿಕಿರಣಪಟು ದ್ರವ್ಯಗಳು ನಿಂತಿವೆ. ಇವನ್ನು ಬಿಟ್ಟು, ವೇಗವರ್ಧಕ ಯಂತ್ರದಿಂದ ಹುಟ್ಟಿಸಿದ ಎಕ್ಸ್-ಕಿರಣಗಳನ್ನು ಬಳಸಬೇಕೆಂಬ ವಿಚಾರವು ಈಚೆಗೆ ಬಲವಾಗಿದೆ. ಇದು ಮಾಪನಪರಂಪರೆಗೆ ಭಂಗವೆಂದು ತೋರುವುದು ಸಹಜ. ಆದರೆ ಪೂರ್ವಚರಿತ್ರೆಯನ್ನು ಪರಿಶೀಲಿಸಿದರೆ ಹಾಗೆ ಹೇಳಲು ಆಧಾರವು ಕಾಣುವುದಿಲ್ಲ.

1895ರಲ್ಲಿ ರಂಟ್‌ಗೆನ್ನನು ಎಕ್ಸ್-ಕಿರಣಗಳನ್ನೂ, 1896ರಲ್ಲಿ ಬೆಕೆರೆಲನು ಯುರೇನಿಯಮ್ಮಿನ ಕಿರಣಗಳನ್ನೂ ಕಂಡರು. 1898ರಲ್ಲಿ ಕ್ಯೂರಿ ದಂಪತಿಗಳು ರೇಡಿಯಮ್ಮನ್ನು ಕಂಡುಹಿಡಿದರು. ಯಂತ್ರದಿಂದ ಬರುವ ಕಿರಣವೊಂದು, ದ್ರವ್ಯದಿಂದ ತಾನಾಗಿ ಬರುವ ಕಿರಣವೊಂದು. ಈ ಎರಡು ಕವಲುಗಳಿಗೆ ಮಾಪನದಲ್ಲಿಯೂ ಎರಡು ಬೇರೆ ದಾರಿಗಳಾದವು. ರೇಡಿಯಮ್ಮಿನ ದಾರಿಯಲ್ಲಿ ವಸ್ತುವೇ ಪ್ರಮಾಣ. 1910ರಲ್ಲಿ ಬ್ರಸೆಲ್ಸಿನಲ್ಲಿ ಸೇರಿದ ವಿದ್ವಾಂಸರ ಕೋರಿಕೆಯಂತೆ ಮೇರಿ ಕ್ಯೂರಿಯು 1911ರಲ್ಲಿ 21.99 ಮಿಲಿಗ್ರಾಂ ರೇಡಿಯಂ ಕ್ಲೋರೈಡನ್ನು ಗಾಜಿನ ನಳಿಗೆಯಲ್ಲಿ ಮುಚ್ಚಿ ಸಿದ್ಧಪಡಿಸಿದಳು. ಮರುವರ್ಷ ವಿಯೆನ್ನದಲ್ಲಿ ತಯಾರಾದ ಪ್ರತಿಗಳನ್ನು ಪ್ಯಾರಿಸಿನಲ್ಲಿ ಇದರೊಡನೆ ತಾಳೆನೋಡಲಾಯಿತು. ಎರಡು ಕಡೆ ಬೇರೆಬೇರೆಯಾಗಿ ತೂಗಿದ ದ್ರವ್ಯವು ಒಂದಕ್ಕೊಂದು ಹೊಂದಿತು.

ಎಕ್ಸ್-ಕಿರಣದ ದಾರಿ ಇದಲ್ಲ. ವಿದ್ಯುತ್ತನ್ನು ನಿಲ್ಲಿಸಿದೊಡನೆ ಇಲ್ಲವಾಗುವ ಕಿರಣವನ್ನು ನಳಿಗೆಯಲ್ಲಿ ಮುಚ್ಚಿಡುವುದೆಂತು? ಆದುದರಿಂದ ವೈದ್ಯರೂ ಭೌತವಿಜ್ಞಾನಿಗಳೂ ಕಿರಣದ ಮೂಲವನ್ನು ಬಿಟ್ಟು ಅದರ ಪರಿಣಾಮವನ್ನು ಹಿಡಿದರು. 1928ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನವು ಒಪ್ಪಿದ ರಂಟ್‌ಗೆನ್ ಎಂಬ ಮಾನವು, ಒಂದು ಘನ ಸೆಂಟಿಮೀಟರು ಗಾಳಿಯಲ್ಲಿ ಕಿರಣವು ಬಿಡಿಸುವ ವಿದ್ಯುದಾವೇಶದ ಲೆಕ್ಕ. ಇಲ್ಲಿ ಪ್ರಮಾಣವಾದುದು ಗಾಳಿಯೇ ಹೊರತು ಕಿರಣದ ಹುಟ್ಟಲ್ಲ. 1937ರಲ್ಲಿ ಇದೇ ಮಾನವನ್ನು ಗಾಮಾ ಕಿರಣಗಳಿಗೂ ವಿಸ್ತರಿಸಿದರು. ಈ ವಿಸ್ತರಣೆಗೆ ಸಾಮಾನ್ಯವಾಗಿ ಕೊಡುವ ಮಹತ್ತ್ವವು ಸಾಲದೆಂದೇ ಹೇಳಬೇಕು. ವಸ್ತುಪ್ರಮಾಣದ ಪ್ರಭುತ್ವವು ಗಾಮಾಕಿರಣದ ಮಾಪನದಲ್ಲಿ ಸಡಿಲವಾದುದು ಅಂದೇ.

ಹಾಗಾದರೆ ಸೀಸಿಯಮ್ಮು ಪ್ರಯೋಗಶಾಲೆಯಲ್ಲಿ ನೆಲೆಸಿದುದೇಕೆ? ಅದರ ಸ್ಥಿರತೆಗಾಗಿ. ಅದು ಅರ್ಧಕ್ಕೆ ಇಳಿಯಲು ಸುಮಾರು 30 ವರ್ಷಗಳು ಬೇಕು. ವರ್ಷಕ್ಕೆ ಶೇಕಡಾ 2.3ರಷ್ಟು ಕುಗ್ಗುವುದನ್ನು ಕಾಗದದ ಮೇಲೆಯೇ ಲೆಕ್ಕಹಾಕಬಹುದು. ಅದರ ಗಾಮಾ ಕಿರಣದ ಶಕ್ತಿಯು 662 ಕಿಲೋ-ಎಲೆಕ್ಟ್ರಾನ್-ವೋಲ್ಟು ಎಂದು ಒಂದೇ ಕಡೆ ನಿಂತಿದೆ. ವಿದ್ಯುತ್ತು ಬೇಡ, ಕೆಡುವ ಭಾಗವಿಲ್ಲ. ಗಾಳಿಯ ಕೋಶದಿಂದ ಒಮ್ಮೆ ಅಳೆದಿಟ್ಟರೆ ಹತ್ತಾರು ವರ್ಷ ನಂಬಬಹುದಾದ ಇಂತಹ ಸೇವಕನು ಬೇರೆ ದೊರೆಯುವುದು ಕಷ್ಟ.

ಆದರೆ ಈ ಸೇವಕನನ್ನು ಮಲಗಿಸುವ ಉಪಾಯವಿಲ್ಲ. 1987ರ ಸೆಪ್ಟೆಂಬರಿನಲ್ಲಿ ಬ್ರಜಿಲ್ ದೇಶದ ಗೋಯಾನಿಯಾ ನಗರದಲ್ಲಿ ಪಾಳುಬಿದ್ದ ಚಿಕಿತ್ಸಾಲಯವೊಂದರಿಂದ ಇಬ್ಬರು ಯಂತ್ರಭಾಗವನ್ನು ಕಳಚಿ ಒಯ್ದು ಗುಜರಿಗೆ ಮಾರಿದರು. ಅದರೊಳಗೆ ಸೀಸಿಯಂ ಕ್ಲೋರೈಡಿನ ಪುಡಿಯಿತ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿಯನ್ನು ಜನರು ಬಂಧುಗಳಿಗೂ ನೆರೆಯವರಿಗೂ ಹಂಚಿದರು. ನಾಲ್ವರು ಸತ್ತರು, ಅವರಲ್ಲೊಬ್ಬಳು ಆರು ವರ್ಷದ ಹುಡುಗಿ. 1,12,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಬೇಕಾಯಿತು. 249 ಮಂದಿಯಲ್ಲಿ ಸೋಂಕು ಕಂಡಿತು. ನಮ್ಮ ದೇಶದಲ್ಲಿಯೂ 1985ರಿಂದ ಬಳಕೆಯಿಲ್ಲದೆ ಬಿದ್ದಿದ್ದ ಕೋಬಾಲ್ಟಿನ ಉಪಕರಣವೊಂದು 2010ರಲ್ಲಿ ಹರಾಜಾಗಿ, ದಿಲ್ಲಿಯ ಮಾಯಾಪುರಿಯ ಗುಜರಿಪೇಟೆಯನ್ನು ಸೇರಿ ಒಬ್ಬನ ಪ್ರಾಣವನ್ನು ತೆಗೆಯಿತು. ಈ ಎರಡೂ ಮಾಪನಶಾಲೆಯ ದ್ರವ್ಯಗಳಲ್ಲವೆಂಬುದು ನಿಜ. ದ್ರವ್ಯದ ಸ್ವಭಾವವು ಮಾತ್ರ ಅದೇ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನ ಮಂಡಳಿಯು ಪ್ರಬಲವಾದ ಸೀಸಿಯಂ ಕ್ಲೋರೈಡ್ ಮೂಲಗಳ ಬದಲಿಗೆ ಬೇರೆ ಸಾಧನಗಳನ್ನು ತರಬೇಕೆಂದು ಸಲಹೆಮಾಡಿತು. ಪುಡಿಯನ್ನು ಕೆಟ್ಟ ಉದ್ದೇಶದಿಂದ ಚೆಲ್ಲುವವರ ಭಯವೂ ಆ ಸಲಹೆಯ ಹಿಂದೆ ಇತ್ತು.

ಯಂತ್ರವಾದರೋ ಗುಂಡಿಯನ್ನು ಒತ್ತಿದರೆ ನಿಲ್ಲುತ್ತದೆ. ಆದರೆ ಅದರ ದೋಷಗಳು ಸಣ್ಣವಲ್ಲ. ವೇಗಗೊಂಡ ಎಲೆಕ್ಟ್ರಾನುಗಳು ಟಂಗ್‌ಸ್ಟನ್ನಿನಂತಹ ಭಾರಲೋಹವನ್ನು ತಾಗಿದಾಗ ಹೊರಡುವ ಎಕ್ಸ್-ಕಿರಣವು ಒಂದೇ ಶಕ್ತಿಯದಲ್ಲ, ಕೆಳಗಿನಿಂದ ಮೇಲಿನವರೆಗೆ ಹರಡಿದ ಹರವು. ಅದರ ಸರಾಸರಿಯನ್ನು ಸೀಸಿಯಮ್ಮಿನ ಮಟ್ಟಕ್ಕೆ ತರಬೇಕಾದರೆ ಎಲೆಕ್ಟ್ರಾನಿಗೆ 662ಕ್ಕಿಂತ ಬಹಳ ಹೆಚ್ಚು ಶಕ್ತಿಯನ್ನು ಕೊಟ್ಟು, ಮೃದುಕಿರಣಗಳನ್ನು ಲೋಹದ ಹಾಳೆಗಳಿಂದ ಸೋಸಬೇಕು. ಇದಕ್ಕಿಂತಲೂ ದೊಡ್ಡ ತೊಡಕು ಮಿಡಿತದ್ದು. ರೇಖೀಯ ವೇಗವರ್ಧಕವು ಕಿರಣವನ್ನು ಧಾರೆಯಾಗಿ ಸುರಿಸದೆ, ಕೆಲವೇ ಮೈಕ್ರೋಸೆಕೆಂಡುಗಳ ಮಿಡಿತಗಳಾಗಿ ಚಿಮ್ಮಿಸುತ್ತದೆ. ಒಂದು ಕಣವನ್ನು ಎಣಿಸಿದ ಗೈಗರ್ ಗಣಕವು ಮತ್ತೆ ಎಚ್ಚರವಾಗಲು ಸುಮಾರು ನೂರು ಮೈಕ್ರೋಸೆಕೆಂಡು ಬೇಕು. ಅಷ್ಟರಲ್ಲಿ ಮಿಡಿತವು ಮುಗಿದಿರುತ್ತದೆ. ಕಿರಣವು ಪ್ರಬಲವಾದಾಗ ಗಣಕವು ಕಿರಣವನ್ನಲ್ಲ, ಮಿಡಿತಗಳನ್ನು ಎಣಿಸುತ್ತ ಕುಳಿತಿರುತ್ತದೆ. ಅದರ ಅಂಕವು ನಿಜಕ್ಕಿಂತ ಎಷ್ಟೋ ಕಡಿಮೆ. ಇಂತಹ ಮಾಪಕವನ್ನು ನಂಬಿ ಒಳಹೊಕ್ಕ ಕೆಲಸಗಾರನ ಗತಿಯನ್ನು ಬೇರೆ ವಿವರಿಸಬೇಕಾಗಿಲ್ಲ.

ಆದುದರಿಂದ ಒರೆಹಚ್ಚುವ ಕೆಲಸಕ್ಕೆ ಎಡೆಬಿಡದ ಧಾರೆಯನ್ನು ಕೊಡುವ ಸ್ಥಿರವಿದ್ಯುತ್ ವೇಗವರ್ಧಕವೇ ಹೆಚ್ಚು ಯೋಗ್ಯ. ವಾನ್ ಡಿ ಗ್ರಾಫನ ಯಂತ್ರವು ಈ ಜಾತಿಯದು. ಹತ್ತು ಲಕ್ಷ ವೋಲ್ಟಿನ ಅಂತಹ ಯಂತ್ರವೊಂದು 1937ರಲ್ಲಿಯೇ ಬಾಸ್ಟನ್ನಿನ ಆಸ್ಪತ್ರೆಯಲ್ಲಿ ಎಕ್ಸ್-ಕಿರಣ ಚಿಕಿತ್ಸೆಗೆ ನಿಂತಿತ್ತು. ಯಂತ್ರದ ಏರಿಳಿತವನ್ನು ಗಮನಿಸಲು ಕಿರಣದ ದಾರಿಯಲ್ಲಿ ಅಯಾನುಕೋಶವೊಂದನ್ನು ಇಡುತ್ತಾರೆ. ಸೀಸಿಯಮ್ಮಿನಲ್ಲಿ ಪಂಚಾಂಗವನ್ನು ನೋಡಿ ತಿಳಿಯುತ್ತಿದ್ದ ಪ್ರಮಾಣವನ್ನು ಇಲ್ಲಿ ಪ್ರತಿಕ್ಷಣವೂ ಅಳೆದೇ ತಿಳಿಯಬೇಕು. ಆ ಕೋಶದೊಳಗೆ ಇರುವುದು ಸ್ಟಾಕ್‌ಹೋಮಿನವರು ಪ್ರಮಾಣವೆಂದು ಒಪ್ಪಿದ್ದ ಗಾಳಿಯೇ.