ರಾಜತಾಂತ್ರಿಕ ವಿನಾಯಿತಿ: ಏನು, ಏಕೆ?

ವಿದೇಶಿ ರಾಯಭಾರಿಯನ್ನು ಆತಿಥೇಯ ದೇಶದ ಪೊಲೀಸರು ಬಂಧಿಸುವಂತಿಲ್ಲ. ಅಲ್ಲಿನ ಕೋರ್ಟು ಕ್ರಿಮಿನಲ್ ಮೊಕದ್ದಮೆಯಲ್ಲಿ ವಿಚಾರಿಸುವಂತಿಲ್ಲ. ಇದೇ ರಾಜತಾಂತ್ರಿಕ ವಿನಾಯಿತಿ. 1961ರ ವಿಯೆನ್ನಾ ಒಪ್ಪಂದ ಇದರ ಆಧಾರ. ಭಾರತದಲ್ಲಿ 1972ರ ಕಾಯ್ದೆ ಇದಕ್ಕೆ ಕಾನೂನಿನ ಬಲ ನೀಡಿದೆ.

ಸುಳ್ಳು ಕೇಸು, ಬೆದರಿಕೆಗಳ ಭಯವಿಲ್ಲದೆ ರಾಯಭಾರಿ ತನ್ನ ದೇಶದ ಕೆಲಸ ಮಾಡಲೆಂಬುದೇ ಉದ್ದೇಶ. ವ್ಯಕ್ತಿಯ ಸ್ವಂತ ಲಾಭವಲ್ಲ. ಸ್ಥಳೀಯ ಕಾನೂನನ್ನು ಆತನೂ ಪಾಲಿಸಬೇಕು. ತಪ್ಪಿದರೆ ಆತಿಥೇಯ ದೇಶ ಹೊರಗೆ ಕಳಿಸಬಹುದು. ವಿನಾಯಿತಿಯನ್ನು ಹಿಂತೆಗೆಯುವ ಹಕ್ಕು ಮಾತ್ರ ಆತನನ್ನು ಕಳಿಸಿದ ದೇಶದ್ದು.

1984ರಲ್ಲಿ ಲಂಡನ್ನಿನ ಲಿಬಿಯಾ ರಾಯಭಾರ ಕಚೇರಿಯಿಂದ ಹಾರಿದ ಗುಂಡಿಗೆ ಮಹಿಳಾ ಪೊಲೀಸ್ ಒಬ್ಬರು ಬಲಿಯಾದರು. ಒಳಗಿದ್ದವರು ವಿಚಾರಣೆಯಿಲ್ಲದೆ ತಾಯ್ನಾಡಿಗೆ ಮರಳಿದರು. 1997ರಲ್ಲಿ ವಾಷಿಂಗ್ಟನ್ನಿನಲ್ಲಿ ಜಾರ್ಜಿಯಾ ದೇಶದ ರಾಜತಾಂತ್ರಿಕನೊಬ್ಬ ಕುಡಿದು ಕಾರು ಓಡಿಸಿ 16 ವರ್ಷದ ಬಾಲಕಿಯ ಸಾವಿಗೆ ಕಾರಣನಾದ. ಜಾರ್ಜಿಯಾ ವಿನಾಯಿತಿ ಹಿಂತೆಗೆಯಿತು. ಆತ ಅಮೆರಿಕದಲ್ಲೇ ಜೈಲು ಸೇರಿದ.